ಬಿಡುಗಡೆಗೆ ಮುಂಚೆ ನಾಲ್ಕು ಪ್ರತಿ ಎತ್ತಿಡಿ

ಊರಿನ ಇತಿಹಾಸ, ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ನಲವತ್ತು ಪುಟದ ಜನಪದ ಹಾಡುಗಳ ಪುಸ್ತಿಕೆ ಇಂಥವು ಪುಸ್ತಕದಂಗಡಿಗೆ ಬರುವುದೇ ಕಡಿಮೆ. ಬಿಡುಗಡೆಯ ದಿನ ಗೌರವ ಪ್ರತಿಗಳಾಗಿ ಹಂಚಿಹೋದರೆ ಮುಗಿಯಿತು, ಹತ್ತು ವರ್ಷದ ಮೇಲೆ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಬೈಂಡರ್ ಹತ್ತಿರದಿಂದ ಕಟ್ಟು ಬಂದ ಕೂಡಲೇ ನಾಲ್ಕು ಪ್ರತಿ ಬೇರೆ ಇಡಿ.

1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ, ಪ್ರಕಾಶಕರದ್ದೇ ಖರ್ಚಿನಲ್ಲಿ, ಒಂದೊಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರ ಸಾರ್ವಜನಿಕ ಗ್ರಂಥಾಲಯ, ಮುಂಬೈ ಟೌನ್ ಹಾಲ್‌ನ ಸೆಂಟ್ರಲ್ ಲೈಬ್ರರಿ ಮತ್ತು ದೆಹಲಿ ಪಬ್ಲಿಕ್ ಲೈಬ್ರರಿಗೆ ಹೋಗಬೇಕು. ತುಳು, ಕೊಡವ, ಬ್ಯಾರಿ, ಭಾಷೆ ಯಾವುದಾದರೂ ಸರಿ. ತೆಳು ಪುಸ್ತಿಕೆಗೂ ಬಿಡಿಯಾಗಿ ಅಚ್ಚಾದ ನಕ್ಷೆಗೂ ವಿನಾಯಿತಿ ಇಲ್ಲ.

ನಾಲ್ಕೂ ಪ್ರತಿ ಒಂದೇ ಥರ ಇರಬೇಕೆಂದಿಲ್ಲ. 500ರಲ್ಲಿ 50 ಪ್ರತಿಗೆ ಒಳ್ಳೆಯ ಕಾಗದ, ಗಟ್ಟಿ ರಟ್ಟು ಹಾಕಿಸಿದ್ದರೆ ಕೋಲ್ಕತ್ತಕ್ಕೆ ಅದರಲ್ಲೇ ಒಂದು ಹೋಗಬೇಕು. ಚಿತ್ರ, ನಕ್ಷೆ ಎಲ್ಲ ಸೇರಿರಬೇಕು. ಉಳಿದ ಮೂರಕ್ಕೆ ಮಾರಾಟದ ಸಾಮಾನ್ಯ ಪ್ರತಿ ಸಾಕು. ಹಾಳೆ ಮಗುಚಿದ, ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಚಿದ ಪುಟಗಳ ಕಟ್ಟು) ಅದಲುಬದಲಾದ ಪ್ರತಿಗಳನ್ನು 'ಲೈಬ್ರರಿಗೆ ತಾನೆ' ಎಂದು ಕಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮುಂದಿನವರಿಗೆ ಉಳಿಯುವುದು ಅದೇ ಪ್ರತಿ.

ಜೊತೆಗಿಡುವ ಪತ್ರದಲ್ಲಿ ಹೆಸರು, ಲೇಖಕರು, ಭಾಷೆ, ವರ್ಷ, ಪುಟ, ಬೆಲೆ, ನಿಮ್ಮ ವಿಳಾಸವನ್ನು ಇಂಗ್ಲಿಷಿನಲ್ಲೂ ಬರೆಯಿರಿ; ಲಕೋಟೆ ಒಡೆಯುವವರಿಗೆ ಕನ್ನಡ ಬರುತ್ತದೆಂದು ನಂಬಿ ಕೂರುವಂತಿಲ್ಲ. ಪುಸ್ತಕದೊಳಗೇ ಪ್ರಕಟಣೆಯ ವರ್ಷ, ಪ್ರಕಾಶಕರ ಪೂರ್ಣ ವಿಳಾಸ ಇಲ್ಲದಿದ್ದರೆ ಸೂಚಿ ಮಾಡುವವರು ಪರದಾಡುತ್ತಾರೆ. ಸ್ಮರಣ ಸಂಚಿಕೆಗಳಲ್ಲಿ ಜಾಹೀರಾತಿಗೆ ಜಾಗ ಮಾಡುವ ಭರದಲ್ಲಿ ಬಿಟ್ಟುಹೋಗುವುದು ಈ ವಿವರಗಳ ಪುಟವೇ.

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿದೆ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಚೀಟಿ ಫೈಲಿಗೆ ಹಾಕಿ. ಪುಸ್ತಕ ತಲುಪಿದ್ದಕ್ಕೆ ಗ್ರಂಥಾಲಯ ಲಿಖಿತ ರಸೀದಿ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಬರದಿದ್ದರೆ ಕೇಳಿ ಪಡೆಯಿರಿ.

ಐಎಸ್‌ಬಿಎನ್ (ಪುಸ್ತಕ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಪಡೆದ ಮಾತ್ರಕ್ಕೆ ಈ ಕೆಲಸ ಆದಂತಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆಂದು ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಮಾಡಿಸುವ ನೋಂದಣಿಯೂ ಬೇರೆಯೇ. ಬದಲಾವಣೆಯಿಲ್ಲದ ಮರುಮುದ್ರಣವಾದರೆ, ಮೊದಲ ಮುದ್ರಣ ಕಳಿಸಿದ್ದಲ್ಲಿ ಮತ್ತೆ ಬೇಡ. ಒಂದು ಅಧ್ಯಾಯ ಸೇರಿಸಿದ್ದರೂ ಮತ್ತೆ ನಾಲ್ಕು ಪ್ರತಿ.

ತಪ್ಪಿದರೆ ದಂಡ 50 ರೂಪಾಯಿವರೆಗೆ, ಜೊತೆಗೆ ಪುಸ್ತಕದ ಬೆಲೆ. ದಂಡ ಸಣ್ಣದೆಂದು ಸುಮ್ಮನಿದ್ದರೆ ನಷ್ಟ ಊರಿಗೇ: ಕೋಲ್ಕತ್ತಕ್ಕೆ ಬಂದ ಪುಸ್ತಕಗಳನ್ನು ಆಧರಿಸಿಯೇ ದೇಶದಲ್ಲಿ ಪ್ರಕಟವಾದ ಪುಸ್ತಕಗಳ ಪಟ್ಟಿಯಾದ ಭಾರತೀಯ ರಾಷ್ಟ್ರೀಯ ಗ್ರಂಥಸೂಚಿ ತಯಾರಾಗುವುದು.