ಅಡುಗೆಮನೆಗೆ ಹೊಗೆಕೊಳವೆ ಹಾಕಿಸಿದ ದಿನ

ನಮ್ಮದು ಸಾಗರ ಸೀಮೆಯ ಹಳೆಯ ಹಂಚಿನ ಮನೆ. ಗ್ಯಾಸ್ ಬಂದ ಮೇಲೂ ಅನ್ನಕ್ಕೆ, ಬಿಸಿನೀರಿಗೆ ಸೌದೆ ಒಲೆಯೇ ಉರಿಯುತ್ತದೆ. ಹೊಗೆಯಿಂದ ಅಮ್ಮನ ಕೆಮ್ಮು ಹೆಚ್ಚಾದಾಗ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರದವರು ರೂಪಿಸಿದ, ಮೂರು ಪಾತ್ರೆಗಳನ್ನಿಡುವ ಅಸ್ತ್ರ ಒಲೆಯನ್ನು ಕಟ್ಟಿಸಿದೆವು. ಒಲೆಯ ಕೆಲಸ ಬೇಗ ಮುಗಿಯಿತು. ಹೊತ್ತು ಹಿಡಿದದ್ದು ಹೊಗೆಕೊಳವೆ ಮಾಡನ್ನು, ಅಂದರೆ ಹಂಚಿನ ಚಾವಣಿಯನ್ನು, ದಾಟುವ ಜಾಗ.

ಕಲ್ನಾರಿನ (ಆಸ್ಬೆಸ್ಟಾಸ್) ಕೊಳವೆ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದನ್ನು ಕೊಯ್ಯುವಾಗ ಏಳುವ ಎಳೆಗಳು ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ 4 ಇಂಚಿನ ಕಬ್ಬಿಣದ ಕೊಳವೆಯನ್ನೇ ತಂದಿದ್ದೆವು. "ಎರಡು ರೀಪು ಕೊಯ್ದರೆ ಕೊಳವೆ ಹೋಗ್ತದೆ, ಪಕಾಸಿ ಯಾಕೆ ಮುಟ್ಟಬೇಕು?" ಎಂದು ಬಡಗಿ ಕೇಳಿದರು. ರೀಪು ಎಂದರೆ ಹಂಚು ಕೂರುವ ಅಡ್ಡಪಟ್ಟಿ, ಪಕಾಸಿ ಎಂದರೆ ರೀಪುಗಳನ್ನು ಹೊರುವ ಇಳಿಜಾರಿನ ಮರ. ಕೊಳವೆ ಹೋಗುವುದೇನೋ ನಿಜ. ಆದರೆ ವರ್ಷಗಟ್ಟಲೆ ಬಿಸಿ ತಗಲಿದ ಮರ ಒಳಗೊಳಗೇ ಕರಿಗಟ್ಟಿ, ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳಬಲ್ಲದು. ಒಳಗೆ ಕಟ್ಟಿದ ಮಸಿಗೇ ಬೆಂಕಿ ಹಿಡಿದರಂತೂ ಒಂಟಿಪದರದ ಕೊಳವೆ ಕೆಂಪಗೆ ಕಾಯುತ್ತದೆ. ಅದಕ್ಕಾಗಿ ಸುತ್ತಲೂ 18 ಇಂಚು ಬರಿದಾಗಿರಬೇಕೆಂದು ನಾನು ಪಟ್ಟು ಹಿಡಿದೆ. ಆಗ ಅವರು ನಡುವಿನ ಪಕಾಸಿಯನ್ನು ಕತ್ತರಿಸಿ, ಅದರ ತುಂಡಾದ ತುದಿಗಳನ್ನು ಅಡ್ಡಮರಗಳಿಂದ ಅಕ್ಕಪಕ್ಕದ ಪಕಾಸಿಗಳಿಗೆ ಬಿಗಿದು, ಮೂರಡಿಗೂ ಮಿಕ್ಕಿದ ಚೌಕ ಮಾಡಿಕೊಟ್ಟರು. ಹಂಚಿನ ಭಾರ ಹೊರಲು ಅದು ಮೊದಲಿನಷ್ಟೇ ಗಟ್ಟಿಯಾಗಿದೆ. ಅವರ ಕೈಚಳಕದ ಬಗ್ಗೆ ನನಗೆ ಈಗಲೂ ಗೌರವವಿದೆ.

ಚೌಕಕ್ಕೆ ಕಬ್ಬಿಣದ ಪಟ್ಟಿಗಳ ಮೇಲೆ ತಗಡು ಹಾಸಿದೆವು. ಅದರ ಮೇಲಂಚು ಮೇಲಿನ ಸಾಲಿನ ಹಂಚಿನಡಿಗೆ ಸೇರಿ, ಕೆಳಅಂಚು ಕೆಳಗಿನ ಸಾಲಿನ ಮೇಲೆ ಬರದಿದ್ದರೆ ಮಲೆನಾಡಿನ ಮಳೆ ನೇರ ಒಲೆಗೇ ಇಳಿಯುತ್ತದೆ. ಕೊಳವೆಗಳನ್ನು ಜೋಡಿಸುವಾಗ ಮೇಲಿನದರ ತುದಿಯನ್ನು ಕೆಳಗಿನದರ ಒಳಗೆ ಕೂರಿಸಿದೆವು. ಹಸಿ ಸೌದೆಯಿಂದ ಇಳಿಯುವ ಟಾರಿನಂಥ ಕಪ್ಪು ರಸ ಹಾಗಾದರೆ ಮಾತ್ರ ಹೊರಗೆ ಒಸರುವುದಿಲ್ಲ. ಮಾಡಿನಿಂದ ಮೇಲೆ ಕನಿಷ್ಠ 3 ಅಡಿ, 10 ಅಡಿ ದೂರದೊಳಗಿನ ಯಾವುದೇ ಎತ್ತರದ ಭಾಗಕ್ಕಿಂತ 2 ಅಡಿ ಹೆಚ್ಚಿರಬೇಕೆಂಬ ಲೆಕ್ಕದಲ್ಲಿ ಕೊಳವೆಯ ತುದಿಯನ್ನು ಎತ್ತರಿಸಿದೆವು, ಇಲ್ಲವಾದರೆ ಮಾಡಿನ ನೆತ್ತಿ ಹತ್ತಿಳಿಯುವ ಗಾಳಿ ಹೊಗೆಯನ್ನು ಒಳಕ್ಕೇ ತಳ್ಳುತ್ತದೆ. ತಂತಿ ಬಿಗಿದು, ಟೋಪಿ ಕೂರಿಸಿದ್ದಾಯಿತು.

ಸಂಜೆ ಮೊದಲು ಕಾಗದ ಉರಿಸಿ ಕೊಳವೆಯನ್ನು ಬೆಚ್ಚಗಾಗಿಸಿ, ಒಲೆಯ ಬಾಯಿಗೆ ಊದುಬತ್ತಿ ಹಿಡಿದೆವು. ಹೊಗೆಯ ಎಳೆ ಬಾಗಿ ಒಳಗೆ ನುಗ್ಗಿತು. ಅಟ್ಟದಲ್ಲಿ ಕೊಳವೆಯ ಹತ್ತಿರವಿದ್ದ ಅಡಿಕೆ ಹಾಳೆ, ಸೋಗೆಯನ್ನೆಲ್ಲ ಅಂದೇ ಕೊಟ್ಟಿಗೆಗೆ ಸಾಗಿಸಿದೆವು. ಮಸಿ ಕಟ್ಟಿದರೆ ವಾಸನೆಯಿಲ್ಲದ ವಿಷಾನಿಲ ಮನೆಯಲ್ಲೇ ನಿಲ್ಲಬಹುದಾದ್ದರಿಂದ ಕಿಟಕಿಯನ್ನು ಮುಚ್ಚುವುದಿಲ್ಲ. ಕೊಳವೆಯ ಬುಡದ ಮುಚ್ಚಳ ತೆಗೆದು ಮಸಿ ಕೆರೆಯುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.