ಅಮ್ಮನ ಜೊತೆ ಕಣ್ಣೂರು ವಿಮಾನ ನಿಲ್ದಾಣಕ್ಕೆ: ಮಾಕುಟ್ಟ ಘಾಟಿಗೆ ಸಮಯ ಇಟ್ಟುಕೊಳ್ಳಿ

ನಮ್ಮ ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಮೊದಲೆಲ್ಲ ವಿಮಾನ ಹತ್ತಬೇಕೆಂದರೆ ಬೆಂಗಳೂರಿಗೋ ಮಂಗಳೂರಿಗೋ ಹಿಂದಿನ ದಿನವೇ ಹೊರಡುತ್ತಿದ್ದೆವು. ಈ ಸಲ ಜೂನ್‌ನಲ್ಲಿ ಅಮ್ಮನನ್ನು ಅಬುಧಾಬಿಯ ಅಕ್ಕನ ಮನೆಗೆ ಕಳಿಸಿದ್ದು ಕೇರಳದ ಕಣ್ಣೂರಿನಿಂದ. ವಿರಾಜಪೇಟೆಯಿಂದ ಸುಮಾರು 60 ಕಿಲೋಮೀಟರ್, ಮಡಿಕೇರಿಯಿಂದಾದರೆ 90.

ಹೆಸರು ಕಣ್ಣೂರು ಅಂತಿದ್ದರೂ ನಿಲ್ದಾಣ ಇರುವುದು ಮಟ್ಟನ್ನೂರಿನಲ್ಲಿ. ಕಣ್ಣೂರು ಪೇಟೆಯ ತನಕ ಹೋಗಬೇಡಿ. ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ಆಮೇಲೆ ಮಟ್ಟನ್ನೂರು. ದಾರಿ ಇಷ್ಟೇ.

ಆದರೆ 60 ಕಿಲೋಮೀಟರ್‌ಗೆ ಒಂದೂವರೆ ಗಂಟೆ ಸಾಕು ಅಂತ ಲೆಕ್ಕ ಹಾಕಿದರೆ ಕೆಟ್ಟಿರಿ. ಪೆರುಂಬಾಡಿ ದಾಟಿದ ಮೇಲೆ ಮಾಕುಟ್ಟ ಘಾಟಿ, ಪೂರ್ತಿ ಕಾಡು, ತಿರುವಿನ ಮೇಲೆ ತಿರುವು. ನಾವು ಹೋದ ದಿನ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಕಡಿದು ಸರಿಸುವಾಗ ಮುಕ್ಕಾಲು ಗಂಟೆ ಹೋಯಿತು. ಫೋನ್ ಮಾಡೋಣ ಅಂದರೆ ನೆಟ್‌ವರ್ಕ್ ಇಲ್ಲ. ಅಮ್ಮ ಸುಮ್ನೆ ಕೂತಿದ್ದರು, ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. 2018ರ ಮಳೆಗಾಲದಲ್ಲಿ ಇದೇ ದಾರಿ ಗುಡ್ಡ ಕುಸಿದು ಬಂದ್ ಆಗಿತ್ತು, ನೆನಪಿದೆಯಲ್ವಾ? ಮಳೆ ಜಾಸ್ತಿ ಇದ್ದರೆ ಹೊರಡುವ ಮೊದಲು ಮಾಕುಟ್ಟ ಕಡೆಯವರಿಗೆ ಫೋನ್ ಮಾಡಿ ಕೇಳಿ. ಘಾಟಿ ಮುಚ್ಚಿದ್ದರೆ ಕುಟ್ಟ, ಮಾನಂತವಾಡಿ ಮೇಲೆ ಸುತ್ತಬೇಕು. ವಿದೇಶದ ವಿಮಾನಕ್ಕೆ 3 ಗಂಟೆ ಮೊದಲು ಅಲ್ಲಿರಬೇಕು. ಹಾಗಾಗಿ ಮಳೆಗಾಲದಲ್ಲಿ ವಿಮಾನದ ಹೊತ್ತಿಗಿಂತ 6 ಗಂಟೆ ಮೊದಲೇ ಮನೆಯಿಂದ ಹೊರಡಿ ಅನ್ನುವುದು ನನ್ನ ಮಾತು.

ಕಣ್ಣೂರಿಗೆ ವಿಮಾನ ಹೊಸದೇನಲ್ಲ. 1935ರಲ್ಲಿ ಟಾಟಾ ಕಂಪನಿ ಬೊಂಬಾಯಿಯಿಂದ ತಿರುವನಂತಪುರಕ್ಕೆ ವಿಮಾನ ಶುರು ಮಾಡಿದಾಗ ಅದು ಕಣ್ಣೂರಿನಲ್ಲೂ ಇಳಿಯುತ್ತಿತ್ತು. ಈಗಿನ ನಿಲ್ದಾಣಕ್ಕೆ ಶಂಕುಸ್ಥಾಪನೆ ಆಗಿದ್ದು 2010ರ ಡಿಸೆಂಬರ್‌ನಲ್ಲಿ, ತೆರೆದಿದ್ದು 2018ರ ಡಿಸೆಂಬರ್ 9ರಂದು. ಮೊದಲ ವಿಮಾನ ಹಾರಿದ್ದು ಅಬುಧಾಬಿಗೇ. ಇದನ್ನು ಹೇಳಿದಾಗ ಅಮ್ಮನಿಗೆ ಎಷ್ಟು ಖುಷಿ! ರನ್‌ವೇ 3,050 ಮೀಟರ್ ಇದೆ, ದೊಡ್ಡ ವಿಮಾನಗಳೂ ಇಳಿಯಬಹುದು. ಆದರೂ ಹೊರದೇಶದ ಕಂಪನಿಗಳಿಗೆ ಇಲ್ಲಿಂದ ನಿತ್ಯ ಹಾರಲು ಕೇಂದ್ರದ ಅನುಮತಿ ಸಿಕ್ಕಿಲ್ಲ. ನಮ್ಮ ದೇಶದ ಕಂಪನಿಗಳ ವಿಮಾನ ಮಾತ್ರ. ಇಷ್ಟು ಒಳ್ಳೆಯ ನಿಲ್ದಾಣಕ್ಕೆ ಇದು ಅನ್ಯಾಯ ಅನಿಸುತ್ತದೆ. ನಿಮಗೆ ಬೇಕಾದ ದಿನ ವಿಮಾನ ಇದೆಯಾ ಅಂತ ಮೊದಲು ನೋಡಿಕೊಂಡೇ ರಜೆ ಹಾಕಿ.

ಒಳಗೆ ಅಗಲವಾಗಿದೆ, ಚೊಕ್ಕವಾಗಿದೆ. ಅಮ್ಮನಿಗೆ ಮಂಡಿನೋವು. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕು ಅಂತ ಹೇಳಿದ್ದೆವು, ಬಾಗಿಲಿಗೇ ತಂದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ವಯಸ್ಸಾದವರು ಒಬ್ಬರೇ ಹೋಗುವುದಾದರೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲ ಒಂದೇ ಚೀಲದಲ್ಲಿಟ್ಟು ಕೊರಳಿಗೆ ಹಾಕಿ ಕಳಿಸಿ.

ಇನ್ನೊಂದು ಮಾತು. ಅಮ್ಮ ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕಡೆಯ ಕಪ್ಪು ಹುಳಿರಸ) ಬಾಟಲಿ, ಜೇನು ಎರಡನ್ನೂ ಕೈಚೀಲಕ್ಕೇ ತುಂಬಿದ್ದರು. 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಬಾಗಿಲ ಹತ್ತಿರವೇ ದೊಡ್ಡ ಪೆಟ್ಟಿಗೆ ಬಿಚ್ಚಿ, ಬಾಟಲಿಗಳನ್ನು ಸೀರೆಯಲ್ಲಿ ಸುತ್ತಿ ಒಳಗಿಟ್ಟೆ. ಎರಡೂ ಒಡೆಯದೆ ತಲುಪಿದವು. ಮರುದಿನವೇ ಅಕ್ಕ ಆ ಕಾಚಂಪುಳಿ ಹಾಕಿ ಪಂದಿಕರಿ (ಹಂದಿಮಾಂಸದ ಅಡುಗೆ) ಮಾಡಿ ಫೋಟೊ ಕಳಿಸಿದಳು.