ಅಮಾಲ್ಫಿ ಕರಾವಳಿ ನೋಡಲು ಖಾಸಗಿ ದೋಣಿ ಬೇಕೇ?

ಇಟಲಿ ಪ್ರವಾಸಕ್ಕೆ ಸಿದ್ಧತೆ ನಡೆಸುವ ಬಂಧುಗಳು, ಸ್ನೇಹಿತರು ಮತ್ತು ಅವರ ಸ್ನೇಹಿತರು, ನಾನು ನೇಪಲ್ಸ್‌ನಲ್ಲಿ ಕೆಲವು ವರ್ಷ ಇದ್ದವನೆಂಬ ಕಾರಣಕ್ಕೆ, ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಅಮಾಲ್ಫಿಯಲ್ಲಿ ದಿನಕ್ಕೆ 800 ಯೂರೋ ಕೊಟ್ಟು ಖಾಸಗಿ ಬೋಟು ಮಾಡಿಕೊಳ್ಳಬೇಕಂತೆ, ಹೌದಾ? ಬಸ್ಸೋ ಫೆರ್ರಿಯೋ ಹಿಡಿದರೆ ಸಾಲದಾ?" ನನ್ನ ಉತ್ತರ ಇಷ್ಟು. ಊರುಗಳನ್ನು ನೋಡಲು ಖಾಸಗಿ ದೋಣಿ ಬೇಡ. ಊರಿಗೂ ಊರಿಗೂ ನಡುವಿನ ತೀರವನ್ನು ನೋಡಲು ಬೇಕು. ಈ ಎರಡರಲ್ಲಿ ನಿಮಗೆ ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳದೆ ದೋಣಿ ಹತ್ತುವವರು ಸಂಜೆ ಇಳಿಯುವಾಗ ದುಡ್ಡಿನ ಲೆಕ್ಕ ಹಾಕುತ್ತಾ ಇಳಿಯುತ್ತಾರೆ.

ತೀರವನ್ನು ಸಮುದ್ರದಿಂದಲೇ ಏಕೆ ನೋಡಬೇಕು ಎಂಬುದಕ್ಕೆ ಕಾರಣ ಅಲ್ಲಿನ ನೆಲದಲ್ಲಿಯೇ ಇದೆ. ನೇಪಲ್ಸ್‌ನ ದಕ್ಷಿಣಕ್ಕೆ ಚಾಚಿರುವ ಸೊರೆಂಟೊ ಪರ್ಯಾಯ ದ್ವೀಪದ ಬೆನ್ನೆಲುಬಾಗಿರುವ ಲತ್ತಾರಿ ಬೆಟ್ಟಗಳು ಸುಣ್ಣಕಲ್ಲಿನವು. ಅತಿ ಎತ್ತರದ ಶಿಖರ 1,444 ಮೀಟರ್ ಇದ್ದು, ಅಷ್ಟು ಎತ್ತರದಿಂದ ಕೆಲವೇ ಕಿಲೋಮೀಟರುಗಳಲ್ಲಿ ಬೆಟ್ಟ ನೇರವಾಗಿ ನೀರಿಗೆ ಇಳಿದುಬಿಡುತ್ತದೆ. ಬಂಡೆಯನ್ನು ಕೊರೆದು ಮಾಡಿದ ಇಂದಿನ ಕರಾವಳಿ ರಸ್ತೆ, ಅಂದರೆ ರಾಜ್ಯ ಹೆದ್ದಾರಿ 163, ಹತ್ತೊಂಬತ್ತನೆಯ ಶತಮಾನದಲ್ಲಿ ನೇಪಲ್ಸ್ ಆಳುತ್ತಿದ್ದ ಬೂರ್ಬೋನ್ ಅರಸರ ಕಾಲದಲ್ಲಿ ಆದದ್ದು. ಅದಕ್ಕೆ ಮೊದಲು ಈ ಊರುಗಳಿಗೆ ಬರುವವರು ಸಮುದ್ರದ ಮೇಲೆ ಬರಬೇಕಿತ್ತು, ಇಲ್ಲವೇ ಹೇಸರಗತ್ತೆಯ ಜಾಡು ಹಿಡಿದು ಬೆಟ್ಟ ಇಳಿಯಬೇಕಿತ್ತು. ವೆನಿಸ್, ಜೆನೋವಾ, ಪೀಸಾಗಳ ಸಾಲಿನಲ್ಲಿ ಹೆಸರಿಸುವ ಕಡಲ ಗಣರಾಜ್ಯವಾಗಿದ್ದ ಅಮಾಲ್ಫಿಯು ಕಾನ್‌ಸ್ಟಾಂಟಿನೋಪಲ್ಲಿನವರೆಗೂ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಅದರ ಮುಂಬಾಗಿಲು ಇದ್ದದ್ದು ನೀರಿನ ಕಡೆಗೆ. 1343ರ ನವೆಂಬರಿನ ಭೀಕರ ಬಿರುಗಾಳಿಯಲ್ಲಿ ಬಂದರು ಮತ್ತು ಕೆಳಗಿನ ಪೇಟೆಯ ಒಂದು ಭಾಗ ಸಮುದ್ರದ ಪಾಲಾದ ಮೇಲೂ ಊರು ಮುಖ ತಿರುಗಿಸಲಿಲ್ಲ. ಹಾಗಾಗಿ ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಸಮುದ್ರ ಚೆನ್ನಾಗಿ ಕಾಣುತ್ತದೆ, ಕರಾವಳಿ ಮಾತ್ರ ಕಾಣುವುದಿಲ್ಲ. ಅವರು ಇರುವುದೇ ಅದರ ಮೇಲೆ.

ರಸ್ತೆಯ ಬಗ್ಗೆ ಇನ್ನೊಂದು ಮಾತು. ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳಸುವವರಿಗೆ ಇಲ್ಲಿಯೂ ಅದೇ ಪಾಡು, ವ್ಯತ್ಯಾಸವೆಂದರೆ ಇಲ್ಲಿ ತಿರುವುಗಳು ಬೇಗ ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಸೀತಾ (SITA) ಎಂಬ ಕಂಪನಿಯ ಬಸ್ಸುಗಳು ಮೊದಲ ನಿಲ್ದಾಣದಲ್ಲಿಯೇ ತುಂಬಿಬಿಡುವುದರಿಂದ ನಡುವಿನ ಊರುಗಳಲ್ಲಿ ಕಾಯುವವರನ್ನು ಹತ್ತಿಸಿಕೊಳ್ಳದೆ ಹೋಗುವುದು ಸಾಮಾನ್ಯ. ಬಾಡಿಗೆ ಕಾರು ತಂದರೆ, ಹಂಗಾಮಿನ ದಿನಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ಎಂಬುದರ ಮೇಲೆ ದಿನ ಬಿಟ್ಟು ದಿನ ಪ್ರವೇಶ ನೀಡುವ ನಿಯಮವಿದೆ, ಜೊತೆಗೆ ನಿಲ್ಲಿಸಲು ಜಾಗವಿರುವುದಿಲ್ಲ.

ಊರುಗಳಿಗೆ ಹೋಗಲು ಫೆರ್ರಿಯೇ ಸರಿ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸಲೆರ್ನೊದಿಂದ ಅಮಾಲ್ಫಿ, ಪೊಸಿತಾನೊಗಳಿಗೆ ದಿನವಿಡೀ ಫೆರ್ರಿಗಳು ಓಡಾಡುತ್ತವೆ. ಅಮಾಲ್ಫಿಯಿಂದ ಪೊಸಿತಾನೊ ಸುಮಾರು 25 ನಿಮಿಷದ ದಾರಿ, ಟಿಕೆಟು ಹತ್ತು ಯೂರೋ ಆಸುಪಾಸು. ಮೇಲಿನ ಅಟ್ಟದಲ್ಲಿ ಜಾಗ ಸಿಕ್ಕರೆ ಒಳ್ಳೆಯ ನೋಟವೂ ಸಿಗುತ್ತದೆ. ಆದರೆ ಫೆರ್ರಿ ದಂಡೆಯಿಂದ ದೂರದಲ್ಲಿ ನೇರ ಗೆರೆ ಎಳೆದಂತೆ ಹೋಗುತ್ತದೆ, ಊರುಗಳ ದೋಣಿಕಟ್ಟೆಗಳಲ್ಲದೆ ಬೇರೆಲ್ಲೂ ನಿಲ್ಲುವುದಿಲ್ಲ, ನೋಡಬೇಕಾದ ಕೊರಕಲುಗಳ ಮುಂದೆ ವೇಗ ತಗ್ಗಿಸುವುದೂ ಇಲ್ಲ. ಖಾಸಗಿ ದೋಣಿಗೆ ನೀವು ಕೊಡುವ ಹಣ ಮುಖ್ಯವಾಗಿ ಆ ನಿಲ್ಲಿಸುವುದಕ್ಕಾಗಿ.

ಯಾವ ದೋಣಿ ಎಂದರೆ, ನಾನು ಗೊಝೊ ಎನ್ನುತ್ತೇನೆ. ಮೂಲತಃ ಸೊರೆಂಟೊ ಕಡೆಯ ಮೀನುಗಾರರ ಮರದ ದೋಣಿಯಿದು. ಈಗ ಹೆಚ್ಚಿನವು ಫೈಬರಿನವು, ಒಳಗೆ ಡೀಸೆಲ್ ಎಂಜಿನ್, ಮುಂದೆ ಮಲಗಲು ಮೆತ್ತೆ, ಹಿಂದೆ ನೀರಿಗಿಳಿಯುವ ಏಣಿ, ತಲೆಯ ಮೇಲೆ ಮಡಿಸಿಡಬಹುದಾದ ಬಟ್ಟೆಯ ನೆರಳು. ವೇಗದ ದೋಣಿಯನ್ನು ಆರಿಸಿಕೊಂಡವರು ಜಾಗದಿಂದ ಜಾಗಕ್ಕೆ ಬೇಗ ತಲುಪುತ್ತಾರೆ ಎಂಬುದು ನಿಜ, ಆದರೆ ನೋಡಬೇಕಾದದ್ದು ದಾರಿಯಲ್ಲಿಯೇ ಇರುವಾಗ ಬೇಗ ತಲುಪುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ.

ಅಮಾಲ್ಫಿಯಿಂದ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೊರಟು ಪಶ್ಚಿಮಕ್ಕೆ ಸಾಗುವುದು ನನ್ನ ಆಯ್ಕೆ. ಈ ತೀರ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬೆಳಗ್ಗೆ ಪಶ್ಚಿಮಕ್ಕೆ ಹೋಗುವಾಗಲೂ ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಮರಳುವಾಗಲೂ ಬಿಸಿಲು ಬೆನ್ನ ಹಿಂದಿರುತ್ತದೆ, ಎದುರಿನ ಬಂಡೆಯ ಮೇಲೆ ಬೆಳಕು ಬಿದ್ದಿರುತ್ತದೆ. ಪಶ್ಚಿಮದ ಕಡೆಯ ಸೊರೆಂಟೊದಿಂದ ಹೊರಟವರಿಗೆ ಹೋಗುವಾಗಲೂ ಬರುವಾಗಲೂ ಸೂರ್ಯ ಕಣ್ಣಿಗೇ. ಹೋಟೆಲು ಸೊರೆಂಟೊದಲ್ಲಿ ಇದ್ದೇಬಿಟ್ಟರೆ ಬೇರೆ ಮಾತು. ಇಲ್ಲದಿದ್ದರೆ ಅಮಾಲ್ಫಿ ಅಥವಾ ಪಕ್ಕದ ಮಿನೋರಿ, ಮಯೋರಿಗಳಿಂದ ಹೊರಡಿ.

ಕಟ್ಟೆ ಬಿಟ್ಟ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ತಗ್ಗಿಸಲು ಹೇಳಿ, ಹಿಂದಿರುಗಿ ಬೆಟ್ಟವನ್ನು ನೋಡಬೇಕು. ಬುಡದಿಂದ ನೆತ್ತಿಯವರೆಗೆ ಒಂದರ ಮೇಲೊಂದು ಕಲ್ಲಿನ ಕಟ್ಟೆಗಳು. ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಈ ಗೋಡೆಗಳ ಹಿಂದೆ ಕೈಯಗಲದ ಮಣ್ಣು, ಅದರಲ್ಲಿ ನಿಂಬೆ. ಉದ್ದನೆಯ, ತುದಿ ಚೂಪಾದ ಸ್ಫುಸಾತೊ ಎಂಬ ಈ ಊರಿನದೇ ತಳಿಯನ್ನು ಚೆಸ್ಟ್‌ನಟ್ ಮರದ ಗಳುಗಳ ಚಪ್ಪರಕ್ಕೆ ಹಬ್ಬಿಸಿರುತ್ತಾರೆ. ಚಳಿ ಮತ್ತು ಆಲಿಕಲ್ಲಿನಿಂದ ಕಾಯಲು ಮೇಲೆ ಹೊದಿಸುವ ಕಪ್ಪು ಬಲೆ ವಸಂತದಲ್ಲಿ ಹೋದವರಿಗೆ ದೂರದಿಂದಲೇ ಕಾಣುತ್ತದೆ. ಒಂದೊಂದು ಬುಟ್ಟಿಗೆ ಐವತ್ತು ಕಿಲೋಗೂ ಹೆಚ್ಚು ನಿಂಬೆ ಹೊತ್ತು ಈ ಕಟ್ಟೆಗಳ ನಡುವಿನ ಮೆಟ್ಟಿಲುಗಳನ್ನು ಇಳಿಯುತ್ತಿದ್ದವರು ಹೆಂಗಸರು. ಊರಿನವರು ಅವರನ್ನು ಫೋರ್ಮಿಕೆಲ್ಲೆ, ಪುಟ್ಟ ಇರುವೆಗಳು, ಎಂದು ಕರೆಯುತ್ತಿದ್ದರು. ಆ ಮೆಟ್ಟಿಲುಗಳ ಕಡಿದು ಎಷ್ಟೆಂಬುದು ದೋಣಿಯಲ್ಲಿ ಕೂತು ಕತ್ತೆತ್ತಿದಾಗಲೇ ಅರಿವಿಗೆ ಬರುತ್ತದೆ. 1997ರಲ್ಲಿ ಯುನೆಸ್ಕೊ ಈ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗಣನೆಗೆ ತೆಗೆದುಕೊಂಡದ್ದರಲ್ಲಿ ಮನುಷ್ಯರು ಕಟ್ಟಿದ ಈ ಬೆಟ್ಟವೂ ಸೇರಿದೆ.

ಮುಂದೆ ಕೊಂಕಾ ದೇಯ್ ಮರೀನಿ. ಇಲ್ಲಿನ ಪಚ್ಚೆ ಗವಿಯನ್ನು 1932ರಲ್ಲಿ ಮೀನುಗಾರನೊಬ್ಬ ಪತ್ತೆ ಹಚ್ಚಿದ. ನೀರಿನ ಕೆಳಗಿನ ಕಿಂಡಿಯ ಮೂಲಕ ಬೆಳಕು ಒಳಗೆ ಬರುವುದರಿಂದ ನೀರು ತಳದಿಂದ ಹಸಿರಾಗಿ ಬೆಳಗುತ್ತದೆ. ಸುಣ್ಣಕಲ್ಲಿನ ಕಂಬಗಳಲ್ಲಿ ಕೆಲವು ಅರ್ಧ ನೀರಿನಲ್ಲಿವೆ. ಒಳಗೆ ನಿಮ್ಮ ದೋಣಿ ಹೋಗುವುದಿಲ್ಲ, ಬೇರೆ ಟಿಕೆಟು ತೆಗೆದುಕೊಂಡು ಅಲ್ಲಿಯವರ ಹುಟ್ಟು ಹಾಕುವ ದೋಣಿಯಲ್ಲಿ ಹೋಗಬೇಕು. ಸರತಿ ಉದ್ದವಿದ್ದರೆ ಬಿಟ್ಟುಬಿಡಿ ಎನ್ನುತ್ತೇನೆ.

ಫುರೋರೆಯನ್ನು ಮಾತ್ರ ಬಿಡಬೇಡಿ. ಬೆಟ್ಟ ಇಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳಿಕೊಂಡಿದೆ. ಸೀಳಿನ ಬಾಯಿಗೆ ಅಡ್ಡಲಾಗಿ, ನೀರಿನಿಂದ ಸುಮಾರು 30 ಮೀಟರ್ ಎತ್ತರದಲ್ಲಿ, ಒಂದೇ ಕಮಾನಿನ ಸೇತುವೆಯ ಮೇಲೆ ಹೆದ್ದಾರಿ ಹಾದುಹೋಗುತ್ತದೆ. ಬಸ್ಸಿನಲ್ಲಿ ಇದನ್ನು ದಾಟಲು ಒಂದೆರಡು ಕ್ಷಣ ಸಾಕು, ಎಡಗಡೆ ಕೂತಿದ್ದೀರೋ ಬಲಗಡೆಯೋ ಎಂದು ಯೋಚಿಸುವಷ್ಟರಲ್ಲಿ ಹಿಂದೆ ಹೋಗಿರುತ್ತದೆ. ದೋಣಿ ಸೀಳಿನ ಬಾಯಲ್ಲಿ ಎಂಜಿನ್ ನಿಲ್ಲಿಸಿ ನಿಂತರೆ, ಕಮಾನಿನ ಹಿಂದೆ ಕತ್ತಲಾದ ಕೊರಕಲು, ಅದರ ತುದಿಯಲ್ಲಿ ಬೆರಳೆಣಿಕೆಯ ಜನ ಹಿಡಿಸುವ ಮರಳು, ಪಕ್ಕದ ಬಂಡೆಗೆ ಆತುಕೊಂಡ ಹಳೆಯ ಮೀನುಗಾರರ ಮನೆಗಳು ಕಾಣುತ್ತವೆ. ಅಲೆ ಬಂಡೆಗೆ ಬಡಿದು ಹಿಂದಿರುಗುವುದರಿಂದ ದೋಣಿ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ತೂಗುತ್ತದೆ. ಚಾಲಕ ಮಾತಾಡುತ್ತಲೇ ಗೇರು ಹಾಕಿ ಒಂದು ಮಾರು ಹಿಂದಕ್ಕೆ ತೆಗೆದು ಮತ್ತೆ ನಿಲ್ಲಿಸುತ್ತಾನೆ. ಈಜುವವರಿರುವ ತೀರದ ಹತ್ತಿರಕ್ಕೆ ಮೋಟಾರು ದೋಣಿ ಒಯ್ಯುವಂತಿಲ್ಲ, ಆದ್ದರಿಂದ "ಇನ್ನೂ ಹತ್ತಿರ ಹೋಗಿ" ಎಂದು ಅವನನ್ನು ಪೀಡಿಸುವುದರಿಂದ ಪ್ರಯೋಜನವಿಲ್ಲ.

ಪ್ರಯಾನೊ ದಾಟಿದ ಮೇಲೆ ಪೊಸಿತಾನೊ ಬರುತ್ತದೆ. ಹಳದಿ, ಹಸಿರು ಹೆಂಚುಗಳ ಚರ್ಚಿನ ಗುಮ್ಮಟ, ಅದರ ಹಿಂದೆ ಮೆಟ್ಟಿಲಿನಂತೆ ಏರುವ ಮನೆಗಳು. ಚಿತ್ರಗಳಲ್ಲಿ ಎಲ್ಲರೂ ನೋಡಿರುವುದರಿಂದ ವರ್ಣಿಸುವ ಅಗತ್ಯವಿಲ್ಲ. ಇಲ್ಲಿ ಇಳಿಯಬೇಡಿ. ಇಳಿದರೆ ಕಟ್ಟೆಯ ನೂಕುನುಗ್ಗಲಿನಲ್ಲಿ, ಅಂಗಡಿಗಳಲ್ಲಿ ಎರಡು ಗಂಟೆ ಹೋಗುತ್ತದೆ, ಗಂಟೆಗೆ ನೂರು ಯೂರೋ ದರದಲ್ಲಿ ದೋಣಿ ಖಾಲಿ ನಿಂತಿರುತ್ತದೆ. ಮರುದಿನ ಫೆರ್ರಿಯಲ್ಲಿ ಬನ್ನಿ.

ಪೊಸಿತಾನೊದ ಎದುರಿಗೆ ಲೀ ಗಲ್ಲಿ ಎಂಬ ಮೂರು ಪುಟ್ಟ ದ್ವೀಪಗಳಿವೆ. ಹಾಡಿನಿಂದ ನಾವಿಕರನ್ನು ಸೆಳೆದು ಬಂಡೆಗೆ ಕೆಡಹುತ್ತಿದ್ದ ಗ್ರೀಕ್ ಪುರಾಣದ ಸೈರನ್‌ಗಳು ಇದ್ದದ್ದು ಇಲ್ಲೇ ಎಂಬುದು ಹಳೆಯ ನಂಬಿಕೆ. ಇಪ್ಪತ್ತನೆಯ ಶತಮಾನದಲ್ಲಿ ಇವು ಮೊದಲು ರಷ್ಯದ ನೃತ್ಯಸಂಯೋಜಕ ಲಿಯೊನೀದ್ ಮಾಸ್ಸೀನ್ ಅವರದಾಗಿದ್ದವು, ಆಮೇಲೆ ಬ್ಯಾಲೆ ಕಲಾವಿದ ರುಡಾಲ್ಫ್ ನುರೇಯೆವ್ ಕೊಂಡರು. ಈಗಲೂ ಖಾಸಗಿ ಆಸ್ತಿಯಾದ್ದರಿಂದ ಇಳಿಯಲು ಬಿಡುವುದಿಲ್ಲ, ಸುತ್ತಲಿನ ನೀರಿನಲ್ಲಿ ಈಜಬಹುದು. ಇಡೀ ದಿನದ ಅತ್ಯಂತ ತಿಳಿಯಾದ ನೀರು ಇದೇ ಎಂದು ನನ್ನ ಅಭಿಪ್ರಾಯ.

ಊಟಕ್ಕೆ ನೆರಾನೊ. ದೋಣಿಯನ್ನು ತೇಲುಬುರುಡೆಗೆ ಕಟ್ಟಿದರೆ ಹೋಟೆಲಿನವರೇ ಸಣ್ಣ ದೋಣಿ ಕಳಿಸಿ ಕರೆದೊಯ್ಯುತ್ತಾರೆ, ಮೇಜು ಮೊದಲೇ ಕಾದಿರಿಸಿರಬೇಕು. ಕಡಲ ಕರೆಯಲ್ಲಿ ಸಸ್ಯಾಹಾರಿಗಳು ಏನು ತಿನ್ನಬೇಕು ಎಂದು ನಮ್ಮವರು ಚಿಂತಿಸುತ್ತಾರಲ್ಲ, ಈ ಊರಿನ ಹೆಸರುವಾಸಿ ಅಡುಗೆಯಲ್ಲಿ ಮೀನೇ ಇಲ್ಲ. ಬಿಲ್ಲೆಯಾಗಿ ಹೆಚ್ಚಿ ಕರಿದ ಝುಕಿನಿ, ತುಳಸಿಯ ಜಾತಿಯ ಬೇಸಿಲ್ ಸೊಪ್ಪು, ಲತ್ತಾರಿ ಬೆಟ್ಟಗಳ ಪ್ರೊವೊಲೋನೆ ದೆಲ್ ಮೊನಾಕೊ ಎಂಬ ಹಸುವಿನ ಹಾಲಿನ ಚೀಸು, ಇವನ್ನು ಪಾಸ್ತಾ ಬೇಯಿಸಿದ ನೀರಿನೊಂದಿಗೆ ಕಲಸಿ ಸ್ಪಗೆಟ್ಟಿಗೆ ಹೊಂದಿಸುತ್ತಾರೆ. ಕಟ್ಟುನಿಟ್ಟಿನವರಿಗೆ ಒಂದು ಸೂಚನೆ: ಈ ಚೀಸಿಗೆ ಹಾಲು ಒಡೆಸಲು ಬಳಸುವುದು ಆಡಿನ ಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಅದು ಆಗದವರು ಟೊಮೆಟೊ ಮತ್ತು ಬೇಸಿಲ್‌ನ ಸ್ಪಗೆಟ್ಟಿಯನ್ನು ಚೀಸಿಲ್ಲದೆ ಕೇಳಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ನೆರಾನೊದ ಪಕ್ಕದ ಇಯೆರಾಂತೊ ಕೊಲ್ಲಿ ಹಿಂದೆ ನೇಪಲ್ಸ್‌ನ ಉಕ್ಕಿನ ಕಾರ್ಖಾನೆಗೆ ಸುಣ್ಣಕಲ್ಲು ಒದಗಿಸುತ್ತಿದ್ದ ಗಣಿ. ಈಗ ಪುಂತಾ ಕಂಪನೆಲ್ಲಾ ಸಂರಕ್ಷಿತ ಸಾಗರ ಪ್ರದೇಶದಲ್ಲಿದ್ದು, ಮೋಟಾರು ದೋಣಿಗಳಿಗೆ ಪ್ರವೇಶವಿಲ್ಲ. ಯಾರಾದರೂ ಒಳಗೆ ಕರೆದೊಯ್ಯುತ್ತೇನೆ ಎಂದರೆ ಆ ದೋಣಿಯನ್ನೇ ಬಿಡಿ.

ಇಲ್ಲಿಗೆ ಬಂದವರಿಗೆಲ್ಲ ಕಾಪ್ರಿ ದ್ವೀಪದ ಆಸೆ ಹುಟ್ಟುತ್ತದೆ, ಎದುರಿಗೇ ಕಾಣುತ್ತದೆ. ಜಾಹೀರಾತುಗಳೂ "ಒಂದೇ ದಿನದಲ್ಲಿ ಕಾಪ್ರಿ ಮತ್ತು ಅಮಾಲ್ಫಿ" ಎನ್ನುತ್ತವೆ. ನಾನು ಬೇಡ ಎನ್ನುತ್ತೇನೆ. ಪುಂತಾ ಕಂಪನೆಲ್ಲಾಕ್ಕೂ ಕಾಪ್ರಿಗೂ ನಡುವಿನ ಬೊಕ್ಕಾ ಪಿಕ್ಕೊಲಾ ಜಲಸಂಧಿಯಲ್ಲಿ ಗಾಳಿಯೂ ದೊಡ್ಡ ಹಡಗುಗಳ ಅಲೆಯೂ ಸೇರಿ ಸಣ್ಣ ದೋಣಿಯನ್ನು ಚೆನ್ನಾಗಿ ಕುಲುಕುತ್ತವೆ. ಅತ್ತ ಕಾಪ್ರಿಯ ಹೆಸರುವಾಸಿ ನೀಲಿ ಗವಿಯ ಬಾಯಿ ಸುಮಾರು ಒಂದು ಮೀಟರ್ ಎತ್ತರದ್ದು. ಅಲೆ ಸ್ವಲ್ಪ ಎದ್ದರೂ ಮುಚ್ಚುತ್ತಾರೆ, ತೆರೆದಿದ್ದರೆ ಸರತಿಯಲ್ಲಿ ಬಿಸಿಲಿಗೆ ತೇಲುತ್ತಾ ಕಾಯಬೇಕು. ಕಾಪ್ರಿ ಬೇಕೆಂದವರು ಅದಕ್ಕೇ ಒಂದು ದಿನ ಇಟ್ಟುಕೊಂಡು, ಫರಾಲ್ಯೋನಿ ಬಂಡೆಗಳ ಕಮಾನಿನಡಿ ಹಾಯ್ದು, ದ್ವೀಪವನ್ನು ನಿಧಾನವಾಗಿ ಸುತ್ತಲಿ.

ಗಾಳಿಯ ಲೆಕ್ಕ ಹೀಗಿದೆ. ವಾಯವ್ಯದಿಂದ ಬೀಸುವ ಮಾಯೆಸ್ತ್ರಾಲೆಯನ್ನು ಲತ್ತಾರಿ ಬೆಟ್ಟಗಳು ತಡೆಯುವುದರಿಂದ ಕಾಪ್ರಿಯ ಕಡೆ ಕಡಲು ಒರಟಾಗಿದ್ದಾಗಲೂ ಅಮಾಲ್ಫಿಯ ಕಡೆ ಶಾಂತವಾಗಿರಬಹುದು. ಆಗ್ನೇಯದ ಶಿರೊಕ್ಕೊ, ನೈಋತ್ಯದ ಲಿಬೆಚ್ಚೊ ಬಂದರೆ ಈ ತೀರಕ್ಕೆ ಆಸರೆಯಿಲ್ಲ. ಬೆಳಗಿನ ಹೊತ್ತು ಸಾಮಾನ್ಯವಾಗಿ ನೀರು ಸಮವಾಗಿರುತ್ತದೆ, ಮಧ್ಯಾಹ್ನದ ನಂತರ ಗಾಳಿ ಏಳುತ್ತದೆ. ತಿಂಗಳುಗಳಲ್ಲಿ ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯವು. ಮೇ ತಿಂಗಳ ನೀರು ನಮ್ಮಂಥವರಿಗೆ ತಣ್ಣಗೆ ಕೊರೆಯುತ್ತದೆ. ಆಗಸ್ಟಿನಲ್ಲಿ ಇಟಲಿಯೇ ರಜೆಯ ಮೇಲಿರುವುದರಿಂದ ನೀರಿನ ಮೇಲೂ ದಟ್ಟಣೆ.

ಇನ್ನು ಹಣ. ಚಾಲಕನ ಸಮೇತ ಗೊಝೊಗೆ ದಿನಕ್ಕೆ ಸುಮಾರು 600ರಿಂದ 1,000 ಯೂರೋ ಎಂದು ಇಟ್ಟುಕೊಳ್ಳಿ, ಹಂಗಾಮಿನಲ್ಲಿ ಇನ್ನೂ ಏರುತ್ತದೆ. ಬೆಲೆ ದೋಣಿಗೇ ಹೊರತು ತಲೆಗಲ್ಲವಾದ್ದರಿಂದ ಗಂಡ ಹೆಂಡತಿ ಇಬ್ಬರಿಗೆ ಇದು ದುಬಾರಿ, ಎರಡು ಕುಟುಂಬ ಸೇರಿ ಆರೇಳು ಜನರಾದರೆ ಒಪ್ಪುವ ಮಾತು. ಇಬ್ಬರೇ ಇದ್ದರೆ ಹತ್ತು ಹನ್ನೆರಡು ಜನರ ಹಂಚಿಕೆಯ ದೋಣಿ ನೋಡಿ, ಇಲ್ಲವೇ ಅರ್ಧ ದಿನಕ್ಕೆ ಮಾತಾಡಿ. ಅಮಾಲ್ಫಿಯಿಂದ ಪೊಸಿತಾನೊವರೆಗೆ ಹೋಗಿ ಬರಲು ನಾಲ್ಕು ಗಂಟೆ ಸಾಕು. ಹಣ ಕಟ್ಟುವ ಮೊದಲು ಇಂಧನ ಸೇರಿದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಪರಿಚಯದ ಕುಟುಂಬವೊಂದಕ್ಕೆ ಸಂಜೆ ಕಟ್ಟೆಯ ಮೇಲೆ ಇಂಧನದ ಹೆಸರಿನಲ್ಲಿ ಬೇರೆ ಚೀಟಿ ಕೈಗೆ ಬಂದದ್ದುಂಟು. ನೆರಳು ಇದೆಯೇ, ಶೌಚಾಲಯ ಇದೆಯೇ ಎಂಬುದನ್ನೂ ಸಂಕೋಚವಿಲ್ಲದೆ ಕೇಳಿ. ಸಣ್ಣ ಗೊಝೊಗಳಲ್ಲಿ ಎರಡನೆಯದು ಇಲ್ಲದಿರುವುದೂ ಉಂಟು, ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಇದು ಬೆಲೆಗಿಂತ ದೊಡ್ಡ ಪ್ರಶ್ನೆ.

40 ಅಶ್ವಶಕ್ತಿಯೊಳಗಿನ ದೋಣಿಗಳನ್ನು ಲೈಸೆನ್ಸ್ ಇಲ್ಲದೆ ಸ್ವತಃ ನಡೆಸಲು ಬಾಡಿಗೆಗೆ ಕೊಡುತ್ತಾರೆ, ಬೆಲೆ ಬಹಳ ಕಡಿಮೆ. ಕಡಲಿನ ಅಭ್ಯಾಸವಿಲ್ಲದವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಫೆರ್ರಿ ಎಬ್ಬಿಸಿದ ಅಲೆಯ ಕಡೆಗೆ ದೋಣಿಯ ಮೂತಿ ತಿರುಗಿಸಬೇಕೆಂಬುದು ಗೊತ್ತಿಲ್ಲದಿದ್ದರೆ ಅಲೆ ಪಕ್ಕದಿಂದ ಒಳಗೇ ಬರುತ್ತದೆ. ಈಜು ಬಾರದವರು ಹೆದರಬೇಕಿಲ್ಲ, ಲೈಫ್ ಜಾಕೆಟ್ ತೊಟ್ಟು ಏಣಿ ಹಿಡಿದುಕೊಂಡು ಕುತ್ತಿಗೆಯವರೆಗೆ ಇಳಿದು ನಿಂತವರನ್ನು ನಾನು ಕಂಡಿದ್ದೇನೆ. ಆದರೆ ದಂಡೆಯ ಹತ್ತಿರವೂ ಆಳ ಹೆಚ್ಚು, ಕಾಲಿಗೆ ನೆಲ ಸಿಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಹೊರಡುವ ದಿನ ಬೆಳಗ್ಗೆ ಚಾಲಕ "ಇಂದು ಬೇಡ" ಎಂದರೆ ವಾದ ಮಾಡಬೇಡಿ. ಹಣ ವಾಪಸೋ ಬೇರೆ ದಿನವೋ ಎಂಬುದನ್ನು ಕಾದಿರಿಸುವಾಗಲೇ ಗೊತ್ತು ಮಾಡಿಕೊಂಡಿದ್ದರೆ ಸಾಕು, ಮತ್ತು ಅದಕ್ಕಾಗಿಯೇ ದೋಣಿಯ ದಿನವನ್ನು ಪ್ರವಾಸದ ಕೊನೆಯ ದಿನಕ್ಕೆ ಇಡಬಾರದು. ಅಂಥ ದಿನ ಫೆರ್ರಿಗಳೂ ನಿಂತಿರುವ ಸಂಭವ ಹೆಚ್ಚು. ಅಮಾಲ್ಫಿಯಿಂದ ಬಸ್ಸು ಹತ್ತಿ, ಸಮುದ್ರದಿಂದ ಸುಮಾರು 350 ಮೀಟರ್ ಮೇಲಿರುವ ರವೆಲ್ಲೊಗೆ ಹೋಗಿ, ವಿಲ್ಲಾ ರುಫೊಲೊದ ತೋಟ ನೋಡಿಕೊಂಡು ಬನ್ನಿ. ಅದಕ್ಕೆ ದೋಣಿಯ ಅಗತ್ಯವೇ ಇಲ್ಲ.